ದೀಪದ ತಂತಿಯಲ್ಲಿ ಅಂತರ್ಜಾಲ

ಅಂಗೈಯಲ್ಲಿ ಬೆಣ್ಣೆಯನ್ನಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದವನ ಗಾದೆಯನ್ನು ಕೇಳದವರಿಲ್ಲ. ಈಚೆಗೆ ನಮ್ಮ ಸೀಮೆಯ ಅನೇಕ ಗೃಹಸ್ಥರ ಅವಸ್ಥೆಯು ಒಂದು ವಿಷಯದಲ್ಲಿ ಹೀಗೆಯೇ ಆಗಿರುವುದು. ಬೀದಿಬಾಗಿಲಿನವರೆಗೆ ಅಂತರ್ಜಾಲವು ಬಂದು ನಿಂತಿರುವುದು. ಹಿಂದಣ ಕೋಣೆಗಾಗಲಿ ಮಹಡಿಗಾಗಲಿ ಹೋಗಲೊಲ್ಲದು. ಅದನ್ನು ಒಳಕ್ಕೆ ಕರೆದೊಯ್ಯುವ ಉಪಾಯವೇನೆಂದು ಅಂಗಡಿಯಿಂದ ಅಂಗಡಿಗೆ ತಿರುಗುವವರು, ತಮ್ಮ ಮನೆಯ ಗೋಡೆಗೋಡೆಯೊಳಗೂ ಆಗಲೇ ಒಂದು ದಾರಿಯನ್ನು ಹಾಕಿರುವುದೆಂಬುದನ್ನು ನೆನೆಯುವುದಿಲ್ಲ. ದೀಪಕ್ಕೂ ಫ್ಯಾನಿಗೂ ಶಕ್ತಿಯನ್ನು ತರುವ ವಿದ್ಯುತ್ತಂತಿಯೇ ಆ ದಾರಿ. ಅದರಲ್ಲಿಯೇ ಅಂತರ್ಜಾಲವನ್ನೂ ಹರಿಯಿಸಬಹುದು.

ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿ ದೇಹಲೀದೀಪನ್ಯಾಯವೆಂಬುದೊಂದು ಉಂಟು. ಹೊಸ್ತಿಲಮೇಲೆ ಇಟ್ಟ ದೀಪವು ಒಳಮನೆಗೂ ಹೊರಜಗಲಿಗೂ ಏಕಕಾಲದಲ್ಲಿ ಬೆಳಕನ್ನು ಕೊಡುವಂತೆ, ಒಂದೇ ವಸ್ತುವು ಎರಡು ಪ್ರಯೋಜನಗಳನ್ನು ಸಾಧಿಸುವುದಕ್ಕೆ ಆ ಹೆಸರು. ಒಂದೇ ತಂತಿಯು ಶಕ್ತಿಯನ್ನೂ ವಾರ್ತೆಯನ್ನೂ ಹೊರುವುದೆಂಬುದು ಈ ನ್ಯಾಯಕ್ಕೆ ಒಳ್ಳೆಯ ನಿದರ್ಶನವೇ ಸರಿ. ಆದರೆ ಹೊಸ್ತಿಲೇ ಬಿರುಕುಬಿಟ್ಟಿದ್ದರೆ ಅದರ ಮೇಲಿನ ದೀಪವು ನೆಟ್ಟಗೆ ನಿಲ್ಲುವುದೆಂತು? ತಂತಿಯು ಸರಿಯಾಗಿಲ್ಲದ ಮನೆಯಲ್ಲಿ ವಾರ್ತೆಯು ಸರಿಯಾಗಿ ಹರಿಯದು. ಅಂತಹ ಮನೆಯಲ್ಲಿ ವಾರ್ತೆಗಿಂತ ಮೊದಲು ಯೋಚಿಸಬೇಕಾದ ವಿಷಯ ಬೇರೆಯೇ ಇರುವುದು. ಈ ಎರಡನೆಯ ಮಾತನ್ನು ಹೇಳುವುದಕ್ಕಾಗಿಯೇ ನಾವು ಮೊದಲನೆಯ ಮಾತನ್ನು ಎತ್ತಿಕೊಂಡಿರುವೆವು.

ನಮ್ಮ ಕಡೆಯ ಮನೆಗಳ ಸ್ಥಿತಿಯನ್ನು ಮೊದಲು ನೋಡೋಣ. ಗ್ರಾಮಪಂಚಾಯಿತಿಗಳಿಗೆಲ್ಲ ಬೆಳಕಿನ ತಂತುವನ್ನು, ಎಂದರೆ ಕೂದಲಿನಷ್ಟು ಸಣ್ಣಗಿದ್ದು ಬೆಳಕಿನ ಮೂಲಕ ವಾರ್ತೆಯನ್ನು ಸಾಗಿಸುವ ಗಾಜಿನ ಎಳೆಯನ್ನು, ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರವು ೨೦೧೧ರಲ್ಲಿ ಒಪ್ಪಿಗೆಯನ್ನು ಕೊಟ್ಟಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಇದಲ್ಲದೆ ಖಾಸಗಿ ಕಂಪನಿಗಳೂ ಊರೂರಿನ ಕೇಬಲಿನವರೂ ಕಂಬದಿಂದ ಕಂಬಕ್ಕೆ ಈ ತಂತುವನ್ನು ಎಳೆದಿರುವರು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಅನೇಕ ಸಾಮಾನ್ಯ ಗೃಹಸ್ಥರ ಮನೆಗಳ ಬಾಗಿಲಿಗೂ ಅದು ಬಂದಿರುವುದು. ೨೦೨೦ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಪಾಠಶಾಲೆಗಳು ಮುಚ್ಚಿದಾಗ, ಮಕ್ಕಳು ಸಂಕೇತವು ಸಿಕ್ಕುವ ಜಾಗವನ್ನು ಹುಡುಕುತ್ತ ಮಾಳಿಗೆಯ ಮೇಲೂ ಮೆಟ್ಟಿಲುಗಳ ಮೇಲೂ ಕುಳಿತು ಪಾಠ ಕೇಳಿದ್ದನ್ನು ನಾವೆಲ್ಲರೂ ಕಂಡಿರುವೆವು. ಪಾಠಶಾಲೆಗಳು ತೆರೆದರೂ ಪಾಠದ ಒಂದು ಭಾಗವು ಅಂತರ್ಜಾಲದಲ್ಲಿಯೇ ಉಳಿದುಕೊಂಡಿತು.

ತಂತುವು ಬಂದು ಮುಗಿಯುವ ಸ್ಥಳದಲ್ಲಿ ರೌಟರ್ ಎಂಬ ಪೆಟ್ಟಿಗೆಯನ್ನು ಇಡುವರು. ಅದು ವೈಫೈ ಎಂಬ ನಿಸ್ತಂತು ಅಲೆಗಳನ್ನು ಸುತ್ತಲೂ ಬೀರುವುದು. ಈ ಅಲೆಗಳು ಸೆಕೆಂಡಿಗೆ ಸುಮಾರು ೨೪೦ ಕೋಟಿ ಅಥವಾ ೫೦೦ ಕೋಟಿಗೂ ಮೇಲ್ಪಟ್ಟ ಆವರ್ತಗಳವು. ಬಯಲಿನಲ್ಲಿ ಇವು ಚೆನ್ನಾಗಿ ಸಾಗುವುವು. ದಪ್ಪನಾದ ಗೋಡೆಯೆದುರಿಗೆ ಸೊರಗುವುವು. ನಮ್ಮ ಹಳೆಯ ಮನೆಗಳ ಗೋಡೆಗಳು ಮಣ್ಣಿನವು, ಮೊಳಕ್ಕಿಂತ ಹೆಚ್ಚು ದಪ್ಪ. ಕಲ್ಲು ಸುಲಭವಾಗಿ ದೊರೆಯುವ ನಮ್ಮ ಸೀಮೆಯಲ್ಲಿ ಚಪ್ಪಡಿಯ ಗೋಡೆಗಳಿಗೂ ಕೊರತೆಯಿಲ್ಲ. ಹೊಸ ಮನೆಗಳ ತಾರಸಿಯೊಳಗೆ ಕಬ್ಬಿಣದ ಸರಳುಗಳ ಬಲೆಯೇ ಇರುವುದು. ಇವುಗಳಲ್ಲಿ ಎರಡನ್ನು ದಾಟುವಷ್ಟರಲ್ಲಿ ಅಲೆಯ ಬಲವು ಉಡುಗಿಹೋಗುವುದು. ಆದುದರಿಂದ ನಡುಮನೆಯಲ್ಲಿ ಸೊಗಸಾಗಿ ಬರುವ ಅಂತರ್ಜಾಲವು ಹಿತ್ತಲ ಕಡೆಯ ಕೋಣೆಯಲ್ಲಿ ಬರದಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ.

ಗೋಡೆಯನ್ನು ಅಲೆಯು ದಾಟಲಾರದು. ತಂತಿಯಾದರೋ ಆಗಲೇ ದಾಟಿರುವುದು. ಈ ಒಂದು ಸಂಗತಿಯನ್ನು ಉಪಯೋಗಿಸಿಕೊಳ್ಳುವ ಸಾಧನಕ್ಕೆ ಪವರ್‌ಲೈನ್ ಅಡಾಪ್ಟರ್ ಎಂದು ಹೆಸರು. ಇದು ಜೋಡಿಯಾಗಿ ಬರುವುದು. ಮುಷ್ಟಿಗಾತ್ರದ ಒಂದು ಪೆಟ್ಟಿಗೆಯನ್ನು ರೌಟರಿನ ಬಳಿಯ ಸಾಕೆಟ್ಟಿಗೆ ಚುಚ್ಚಿ, ಗೇಣುದ್ದದ ಕೇಬಲಿನಿಂದ ರೌಟರಿಗೆ ಸೇರಿಸುವುದು. ಇನ್ನೊಂದನ್ನು ಬೇಕಾದ ಕೋಣೆಯ ಸಾಕೆಟ್ಟಿಗೆ ಚುಚ್ಚಿ, ಅಲ್ಲಿಂದ ಕಂಪ್ಯೂಟರಿಗೆ ಕೇಬಲನ್ನು ಕೊಡುವುದು. ಕೆಲವು ಪೆಟ್ಟಿಗೆಗಳು ಆ ಕೋಣೆಯಲ್ಲಿ ತಾವೇ ವೈಫೈಯನ್ನೂ ಬೀರುವುವು. ಎರಡರ ಗುಂಡಿಗಳನ್ನೂ ಸ್ವಲ್ಪ ಹೊತ್ತಿನ ಅಂತರದಲ್ಲಿ ಒತ್ತಿದರೆ ಅವು ಒಂದನ್ನೊಂದು ಗುರುತಿಸಿಕೊಳ್ಳುವುವು. ಗೋಡೆಯನ್ನು ಕೊರೆಯುವ ಪ್ರಮೇಯವಿಲ್ಲ.

ಶಕ್ತಿ ಹರಿಯುವ ತಂತಿಯಲ್ಲಿಯೇ ವಾರ್ತೆಯೂ ಹರಿದರೆ ಎರಡೂ ಕಲಸಿಹೋಗುವುದಿಲ್ಲವೇ ಎಂದು ವಾಚಕರು ಕೇಳಬಹುದು. ಸಂಗೀತಕಚೇರಿಯನ್ನು ನೆನೆಯಿರಿ. ಮೃದಂಗದ ನಾದವೂ ಕೊಳಲಿನ ನಾದವೂ ಒಂದೇ ಗಾಳಿಯಲ್ಲಿ ಬಂದು ಒಂದೇ ಕಿವಿಯನ್ನು ಸೇರುವುವು. ಆದರೂ ಮಂದ್ರವನ್ನೂ ತಾರವನ್ನೂ ನಾವು ಬೇರೆಬೇರೆಯಾಗಿ ಗ್ರಹಿಸುವೆವು. ನಮ್ಮ ಮನೆಗಳ ೨೩೦ ವೋಲ್ಟಿನ ವಿದ್ಯುತ್ಪ್ರವಾಹವು ಸೆಕೆಂಡಿಗೆ ಕೇವಲ ೫೦ ಆವರ್ತಗಳಂತೆ ತೂಗಾಡುವುದು. ವಾರ್ತೆಯನ್ನು ಹೊರುವ ಅಲೆಗಳಾದರೋ ಸೆಕೆಂಡಿಗೆ ಸುಮಾರು ೨೦ ಲಕ್ಷದಿಂದ ೩ ಕೋಟಿ ಆವರ್ತಗಳವರೆಗಿನವು. ಪೆಟ್ಟಿಗೆಯೊಳಗೆ ಕೆಪಾಸಿಟರ್ ಎಂಬ ಬಿಡಿಭಾಗವುಂಟು. ಅದು ನಿಧಾನವಾದ ೫೦ ಆವರ್ತದ ಪ್ರವಾಹವನ್ನು ತಡೆದು, ತೀವ್ರವಾದ ಅಲೆಗಳನ್ನು ಮಾತ್ರ ಒಳಕ್ಕೆ ಬಿಟ್ಟುಕೊಳ್ಳುವುದು. ಹೀಗೆ ಎರಡೂ ಬೇರ್ಪಡುವುವು.

ಇನ್ನೊಂದು ಚಾತುರ್ಯವೂ ಇದರಲ್ಲಿ ಅಡಗಿರುವುದು. ವಾರ್ತೆಯನ್ನು ಒಂದೇ ಅಲೆಯಮೇಲೆ ಹೇರದೆ, ಸಾವಿರಕ್ಕೂ ಮಿಕ್ಕ ಸಣ್ಣಸಣ್ಣ ಅಲೆಗಳಿಗೆ ಹಂಚುವರು. ಯಾವ ಅಲೆಯ ಹಾದಿಯು ನಿರ್ಮಲವಾಗಿರುವುದೋ ಅದಕ್ಕೆ ಹೆಚ್ಚು ಹೊರೆ. ಯಾವುದರ ಹಾದಿಯಲ್ಲಿ ಗದ್ದಲವಿರುವುದೋ ಅದಕ್ಕೆ ಕಡಮೆ ಹೊರೆ. ತೀರ ಕೆಟ್ಟಿದ್ದರೆ ಅದನ್ನು ಬರಿದೆ ಬಿಟ್ಟುಬಿಡುವುದು. ಎರಡು ಪೆಟ್ಟಿಗೆಗಳೂ ಇದನ್ನು ಎಡೆಬಿಡದೆ ಪರೀಕ್ಷಿಸಿಕೊಳ್ಳುತ್ತಿರುವುವು. ಆದುದರಿಂದಲೇ ಬೆಳಗ್ಗೆ ಒಂದು ವೇಗ, ಸಂಜೆ ಇನ್ನೊಂದು ವೇಗ ಕಾಣುವುದು. ತಂತಿಯು ಹಾಳಾಗಿದ್ದಷ್ಟೂ ಬರಿದೆ ಬಿಟ್ಟ ಅಲೆಗಳ ಸಂಖ್ಯೆ ಹೆಚ್ಚು, ವೇಗ ಕಡಮೆ.

ಈ ವಿದ್ಯೆಯು ನಿನ್ನೆ ಮೊನ್ನೆಯದಲ್ಲ. ನಮ್ಮ ನಾಡಿನಲ್ಲಿ ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒಯ್ದರು; ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಆಗ ತಂತಿಗೆ ಶಕ್ತಿಯನ್ನು ಹೊರುವುದೊಂದೇ ಕೆಲಸ. ಕೆಲವೇ ವರ್ಷಗಳಲ್ಲಿ, ಎಂದರೆ ೧೯೧೦ರಲ್ಲಿ, ಅಮೆರಿಕದ ಸೇನಾಧಿಕಾರಿ ಜಾರ್ಜ್ ಓವೆನ್ ಸ್ಕ್ವಯರ್ ಎಂಬುವರು ಒಂದೇ ತಂತಿಯಲ್ಲಿ ತೀವ್ರಾವರ್ತದ ಅಲೆಗಳ ಮೂಲಕ ಅನೇಕ ಸಂಭಾಷಣೆಗಳನ್ನು ಕಳುಹಿಸುವ ಕ್ರಮವನ್ನು ತೋರಿಸಿಕೊಟ್ಟರು. ೧೯೨೨ರಲ್ಲಿ ಅವರ ಈ ಕ್ರಮವನ್ನು ಹಿಡಿದು, ದೀಪದ ತಂತಿಯ ಮೂಲಕ ಮನೆಗಳಿಗೆ ಸಂಗೀತವನ್ನು ಕಳುಹಿಸುವ ಉದ್ಯಮವೊಂದು ಅಲ್ಲಿ ಹುಟ್ಟಿತು. ರೇಡಿಯೋ ಹರಡಿದಮೇಲೆ ಅದು ಮನೆಗಳನ್ನು ಬಿಟ್ಟು, ದೂರವಾಣಿಯ ತಂತಿಯ ಮೂಲಕ ಹೋಟೆಲು ಅಂಗಡಿಗಳಿಗೆ ಹೊರಳಿತು.

ವಿದ್ಯುತ್ ಇಲಾಖೆಗಳಿಗೆ ಮಾತ್ರ ಈ ವಿದ್ಯೆಯು ಬಹುಕಾಲ ಕೈಹಿಡಿದ ಬಂಟನಂತಿತ್ತು. ಮೈಲುಗಟ್ಟಲೆ ದೂರದ ವಿದ್ಯುದಾಗಾರಗಳೊಡನೆ ಮಾತನಾಡುವುದಕ್ಕೂ ಅಪಾಯವಾದೊಡನೆ ಸ್ವಿಚ್ಚುಗಳನ್ನು ತೆಗೆಯುವ ಸೂಚನೆಯನ್ನು ಕಳುಹಿಸುವುದಕ್ಕೂ ಎಂಜಿನಿಯರುಗಳು ಆ ಭಾರೀ ತಂತಿಗಳನ್ನೇ ಉಪಯೋಗಿಸುತ್ತ ಬಂದರು. ನೆಲಮಂಗಲದಲ್ಲಿ ೪೦೦ ಕಿಲೋವೋಲ್ಟಿನ ದೊಡ್ಡ ಉಪಕೇಂದ್ರವುಂಟು. ಇಂತಹ ಉಪಕೇಂದ್ರಗಳ ಬಯಲಿನಲ್ಲಿ, ತಂತಿಯು ಒಳಬರುವ ಕಡೆ, ಪೀಪಾಯಿಯ ಆಕಾರದ ತಂತಿಯ ಸುರುಳಿಗಳು ಕಾಣಸಿಗುವುವು. ಶಕ್ತಿಯನ್ನು ಒಳಕ್ಕೆ ಬಿಟ್ಟು, ವಾರ್ತೆಯ ಅಲೆಯನ್ನು ಮಾತ್ರ ತಡೆದು ಬೇರೆ ದಾರಿಗೆ ತಿರುಗಿಸುವುದು ಅವುಗಳ ಕೆಲಸ. ಈಗ ಅನೇಕ ಕಡೆ ಗೋಪುರಗಳ ತುದಿಯಲ್ಲಿಯೇ ಬೆಳಕಿನ ತಂತುವನ್ನು ಒಯ್ದು ಆ ಕೆಲಸವನ್ನು ಅದಕ್ಕೆ ವಹಿಸುತ್ತಿರುವರು.

ಮನೆಯ ಮಟ್ಟಿಗೆ ಈ ವಿದ್ಯೆಯು ಬಂದುದು ನಿಧಾನವಾಗಿ. ೧೯೭೫ರಲ್ಲಿ ಸ್ಕಾಟ್ಲೆಂಡಿನ ಒಂದು ಸಂಸ್ಥೆಯವರು ದೀಪಗಳನ್ನು ದೂರದಿಂದ ಹೊತ್ತಿಸಿ ಆರಿಸುವ ಸೂಚನೆಗಳನ್ನು ಮನೆಯ ತಂತಿಯಲ್ಲಿಯೇ ಕಳುಹಿಸಿದರು. ೨೦೦೧ರಲ್ಲಿ ಹೋಮ್‌ಪ್ಲಗ್ ಎಂಬ ಕ್ರಮವು ಸೆಕೆಂಡಿಗೆ ೧೪ ಮೆಗಾಬಿಟ್ ಸಾಮರ್ಥ್ಯದಿಂದ ಹೊರಟಿತು. ೨೦೦೫ರ ಕ್ರಮವು ಅದನ್ನು ೨೦೦ಕ್ಕೆ ಏರಿಸಿತು. ೨೦೧೦ರಲ್ಲಿ ಐಇಇಇ ೧೯೦೧ ಎಂಬ ಅಂತರರಾಷ್ಟ್ರೀಯ ನಿಯಮವು ಸಿದ್ಧವಾಯಿತು. ಮನೆಯೊಳಗೆ ಹೀಗೆ ಗೆದ್ದ ವಿದ್ಯೆಯು ಊರಿನ ಮಟ್ಟದಲ್ಲಿ ಸೋತಿತೆಂಬುದನ್ನೂ ಹೇಳಬೇಕು. ಅಮೆರಿಕದ ವರ್ಜೀನಿಯ ಪ್ರಾಂತದ ಮನಾಸಸ್ ಎಂಬ ಪಟ್ಟಣವು ೨೦೦೫ರಲ್ಲಿ ಬೀದಿಯ ವಿದ್ಯುತ್ತಂತಿಗಳಿಂದಲೇ ಊರಿಗೆಲ್ಲ ಅಂತರ್ಜಾಲವನ್ನು ಕೊಡಹೊರಟು, ೨೦೧೦ರಲ್ಲಿ ಅದನ್ನು ನಿಲ್ಲಿಸಿಬಿಟ್ಟಿತು. ಟ್ರಾನ್ಸ್‌ಫಾರ್ಮರು ಈ ಅಲೆಗಳಿಗೆ ಅಡ್ಡಗಟ್ಟೆಯಿದ್ದಂತೆ; ದೂರ ಹೆಚ್ಚಿದಂತೆಲ್ಲ ಬಲವು ಕುಗ್ಗುವುದು. ಈ ವಿದ್ಯೆಗೆ ಮನೆಯೇ ತಕ್ಕ ಅಳತೆ.

ಇಷ್ಟು ಪೀಠಿಕೆಯಾದಮೇಲೆ, ನಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುವೆವು. ದೊಡ್ಡಬಳ್ಳಾಪುರವು ವಿದ್ಯುನ್ಮಗ್ಗಗಳ ಊರು. ಅಲ್ಲಿಯ ಅನೇಕ ಬೀದಿಗಳಲ್ಲಿ ಮಗ್ಗದ ಸದ್ದು ಬೆಳಗಿನಿಂದ ಇರುಳಿನವರೆಗೆ ಕೇಳುತ್ತಿರುವುದು. ಕೆಳಗೆ ಮಗ್ಗ, ಮೇಲೆ ವಾಸ; ಇಲ್ಲವೆ ಮುಂದೆ ಮಗ್ಗ, ಹಿಂದೆ ವಾಸ. ಬಹಳ ವರ್ಷಗಳ ಹಿಂದೆ ನಮ್ಮಲ್ಲಿ ಓದಿದ ಒಬ್ಬರು ಅಲ್ಲಿ ಆರು ಮಗ್ಗಗಳನ್ನಿಟ್ಟುಕೊಂಡು ಸಂಸಾರವನ್ನು ತೂಗಿಸುತ್ತಿರುವರು. ಅವರ ಮಗಳು ಎರಡನೆಯ ಪಿ.ಯು.ಸಿ. ತರಗತಿಯಲ್ಲಿದ್ದಳು. ಸೀರೆಗಳ ನಮೂನೆಯೂ ವ್ಯಾಪಾರಿಗಳ ಆರ್ಡರೂ ಮೊಬೈಲಿಗೆ ಬರುವ ಕಾರಣ ರೌಟರನ್ನು ಮಗ್ಗದ ಮನೆಯ ಮುಂಗೋಣೆಯಲ್ಲಿ ಇಟ್ಟಿದ್ದರು. ಮಗಳು ಓದುವ ಕೋಣೆಯು ಮಹಡಿಯ ಹಿಂಭಾಗದಲ್ಲಿ. ಅಲ್ಲಿಗೆ ವೈಫೈಯು ತಲಪದು. ಹುಡುಗಿಯು ಪ್ರತಿಸಂಜೆಯೂ ಮಗ್ಗಗಳ ಪಕ್ಕದ ಮೆಟ್ಟಿಲಮೇಲೆ ಕುಳಿತು, ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು, ಭೌತಶಾಸ್ತ್ರದ ಪಾಠವನ್ನು ಕೇಳುತ್ತಿದ್ದಳು.

"ಮೇಷ್ಟ್ರೇ, ಈ ಸದ್ದಿನಲ್ಲಿ ಮಗು ಏನು ಓದೀತು? ಬೆಂಗಳೂರಿನಲ್ಲಿ ಹಾಸ್ಟೆಲಿಗೆ ಬಿಟ್ಟುಬಿಡೋಣ ಅಂತಿದೀನಿ. ಅವರಮ್ಮ ಬೇಡ ಅಂತಾಳೆ," ಎಂದು ತಂದೆಯು ನಮ್ಮೊಡನೆ ಹೇಳಿಕೊಂಡರು. ಒಂದು ಕೇಬಲು ಸೇರದುದಕ್ಕಾಗಿ ಮಗಳನ್ನು ಮನೆಯಿಂದ ಹೊರಗೆ ಕಳುಹಿಸಬೇಕೇ ಎಂದು ನಮಗೂ ತೋರಿತು. ಅಂಗಡಿಯವನೊಬ್ಬನ ಮಾತಿನಂತೆ ಅವರು ಈ ಅಡಾಪ್ಟರುಗಳ ಜೋಡಿಯನ್ನು ತಂದರು.

ಮೊದಲನೆಯ ರಾತ್ರಿ ಪಾಠವು ಮಹಡಿಯಲ್ಲಿ ಬಂದಿತು. ಎಲ್ಲರಿಗೂ ಸಂತೋಷ. ಮರುದಿನ ಬೆಳಗ್ಗೆ ಮಗ್ಗಗಳು ತಿರುಗಲಾರಂಭಿಸಿದೊಡನೆ ಪೆಟ್ಟಿಗೆಯ ದೀಪವು ಕೆಂಪಾಯಿತು, ಪಾಠವು ನಿಂತಿತು. ಮಧ್ಯಾಹ್ನ ಮಗ್ಗಗಳು ನಿಂತಾಗ ಮತ್ತೆ ಬಂದಿತು. ತಿರುಗಿದಾಗ ಮತ್ತೆ ಹೋಯಿತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮಗ್ಗದ ಮೋಟಾರುಗಳೂ ಅವುಗಳ ಸ್ವಿಚ್ಚುಗಳೂ ತಂತಿಯೊಳಕ್ಕೆ ಒಂದು ಬಗೆಯ ವಿದ್ಯುತ್ತಿನ ಗದ್ದಲವನ್ನು ಬಿಡುವುವು. ಅದು ನಮ್ಮ ಕಿವಿಗೆ ಕೇಳದು, ಅಡಾಪ್ಟರಿಗೆ ಕೇಳುವುದು. ಜಾತ್ರೆಯ ನಡುವೆ ಪಿಸುಮಾತನಾಡಿದಂತೆ ವಾರ್ತೆಯು ಅದರಲ್ಲಿ ಮುಳುಗಿಹೋಗುವುದು.

ಪರವಾನಗಿಯುಳ್ಳ ಒಬ್ಬ ಎಲೆಕ್ಟ್ರೀಷಿಯನನ್ನು ಕರೆಯಿಸಿದರು. ಆತನು ಮೊದಲು ಕೇಳಿದ ಪ್ರಶ್ನೆ, ಎರಡು ಸಾಕೆಟ್ಟುಗಳೂ ಒಂದೇ ಮೀಟರಿನವೇ ಎಂಬುದು. ಅಲ್ಲ! ಮುಂಗೋಣೆಯ ಸಾಕೆಟ್ಟು ಮಗ್ಗದ ಮೀಟರಿನದು. ಮಹಡಿಯದು ಮನೆಯ ಮೀಟರಿನದು. ಎರಡೂ ಒಂದೇ ಕಂಬದಿಂದ ಬಂದುದರಿಂದ ವಾರ್ತೆಯು ಒಂದರಿಂದ ಹೊರಬಿದ್ದು, ಇನ್ನೊಂದರೊಳಕ್ಕೆ ಸುತ್ತಿಕೊಂಡು ಬರುತ್ತಿದ್ದಿತು. ಕೇಬಲಿನವರನ್ನು ಕರೆಯಿಸಿ ತಂತುವನ್ನು ನಡುಮನೆಯವರೆಗೆ ಎಳೆಯಿಸಿ, ರೌಟರನ್ನು ಅಲ್ಲಿಗೆ ಸಾಗಿಸಿದರು. ಈಗ ಹಗಲಿನಲ್ಲಿಯೂ ಅಡಿಗೆಮನೆಯ ಸಾಕೆಟ್ಟಿನಲ್ಲಿ ಅಂತರ್ಜಾಲವು ಚೆನ್ನಾಗಿ ಬಂದಿತು. ಆದರೆ ಮಹಡಿಯ ಕೋಣೆಯಲ್ಲಿ ಮಾತ್ರ ಇನ್ನೂ ತಡವರಿಸುತ್ತಿದ್ದಿತು.

ಅಲ್ಲಿಗೇ ಬಿಟ್ಟುಬಿಡಬಹುದಾಗಿತ್ತು. ಎಲೆಕ್ಟ್ರೀಷಿಯನನು ಬಿಡಲಿಲ್ಲ. ಮೈನ್ ಸ್ವಿಚ್ಚನ್ನು ತೆಗೆದು, ಮೆಟ್ಟಿಲ ಗೋಡೆಯ ಮೇಲಿದ್ದ ಜಂಕ್ಷನ್ ಬಾಕ್ಸಿನ ಮುಚ್ಚಳವನ್ನು ಬಿಚ್ಚಿದನು. ಮಹಡಿಯನ್ನು ಕಟ್ಟಿಸಿದಾಗ ಯಾರೋ ಹಳೆಯ ಅಲ್ಯುಮಿನಿಯಂ ತಂತಿಗೆ ಹೊಸ ತಾಮ್ರದ ತಂತಿಯನ್ನು ಕೈಯಿಂದ ಹೊಸೆದು, ಟೇಪನ್ನು ಸುತ್ತಿ ಮುಚ್ಚಿಟ್ಟಿದ್ದರು. ಇವೆರಡು ಲೋಹಗಳನ್ನು ಹೀಗೆ ನೇರವಾಗಿ ಹೊಸೆದರೆ ಕಾಲಕ್ರಮದಲ್ಲಿ ಬೆಸುಗೆಯು ಕಿಲುಬುಗಟ್ಟಿ, ಸಡಿಲವಾಗಿ, ಪ್ರವಾಹವು ಹರಿದಾಗಲೆಲ್ಲ ಕಾಯುವುದು. ಟೇಪು ಕರಿಕಾಗಿದ್ದಿತು, ಪೆಟ್ಟಿಗೆಯ ಒಳಗೋಡೆಯು ಕಪ್ಪಾಗಿದ್ದಿತು. ಅದರ ನೇರ ಕೆಳಗೆ, ಮೆಟ್ಟಿಲ ಸಂದಿನಲ್ಲಿ, ರೇಷ್ಮೆಯ ನೂಲಿನ ಕಟ್ಟುಗಳನ್ನು ಒಟ್ಟಿದ್ದರು. ಮಗಳ ಕೋಣೆಯ ಸಾಕೆಟ್ಟನ್ನು ಬಿಚ್ಚಿ ನೋಡಿದರೆ ಅದರ ಮೇಲಿನ ದೊಡ್ಡ ತೂತಿಗೆ, ಎಂದರೆ ಭೂಮಿಯ ಸಂಪರ್ಕಕ್ಕೆ, ತಂತಿಯನ್ನೇ ಕೊಟ್ಟಿರಲಿಲ್ಲ. ಅದೇ ಸಾಕೆಟ್ಟಿಗೆ ಆ ಹುಡುಗಿಯು ಇಸ್ತ್ರಿಪೆಟ್ಟಿಗೆಯನ್ನು ಸೇರಿಸುತ್ತಿದ್ದಳು.

ತಂದೆಯು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ನೆಟ್ಟು ಸರಿಯಾಗಿ ಬಂದಿದ್ದರೆ ಇದನ್ನು ನಾನು ನೋಡ್ತಾನೇ ಇರಲಿಲ್ಲ, ಮೇಷ್ಟ್ರೇ," ಎಂದರು.

ಮಹಡಿಗೆ ಹೊಸ ತಾಮ್ರದ ತಂತಿಯನ್ನೂ ಭೂಸಂಪರ್ಕದ ತಂತಿಯನ್ನೂ ಎಳೆಯಿಸಿದರು. ಮನೆಯ ಪಕ್ಕದ ಅರ್ಥಿಂಗ್ ಗುಂಡಿಯನ್ನು ತೆಗೆಯಿಸಿ ಇದ್ದಿಲನ್ನೂ ಉಪ್ಪನ್ನೂ ಹೊಸದಾಗಿ ತುಂಬಿಸಿದರು. ಗೋಡೆಯ ಕೆಲಸವು ಹೇಗೂ ನಡೆದುದರಿಂದ, ಅದೇ ಸಮಯದಲ್ಲಿ ನಡುಮನೆಯಿಂದ ಮಗಳ ಕೋಣೆಗೆ ಅಂತರ್ಜಾಲದ ಕೇಬಲನ್ನೇ ಪ್ರತ್ಯೇಕವಾದ ಕೊಳವೆಯಲ್ಲಿ ಒಯ್ದರು. ಅಡಾಪ್ಟರುಗಳು ವ್ಯರ್ಥವಾಗಲಿಲ್ಲ. ಹಿತ್ತಲಿನ ಆಚೆ ಕಲ್ಲುಚಪ್ಪಡಿಯ ಗೋಡೆಗಳ ಕೋಣೆಯಲ್ಲಿ ಹುಡುಗಿಯ ಅಜ್ಜನವರು ಇರುವರು. ಅಲ್ಲಿಗೆ ಮನೆಯ ಮೀಟರಿನಿಂದಲೇ ದೀಪದ ತಂತಿಯು ಹೋಗಿರುವುದು. ಆ ಜೋಡಿಯು ಈಗ ಅವರಿಗೆ ಹರಿಕಥೆಯನ್ನೂ ದೂರದ ಮೊಮ್ಮಕ್ಕಳ ಮುಖವನ್ನೂ ಒದಗಿಸುತ್ತಿರುವುದು. ಹಾಸ್ಟೆಲಿನ ಮಾತು ಮತ್ತೆ ಬರಲಿಲ್ಲ.

ಈ ಸಾಧನವನ್ನು ಕೊಳ್ಳಬೇಕೆಂದಿರುವ ಗೃಹಸ್ಥರಿಗೆ ಈ ಅನುಭವದಿಂದಲೂ ತಿಳಿದವರನ್ನು ವಿಚಾರಿಸಿದುದರಿಂದಲೂ ನಮಗೆ ತೋರಿದ ಕೆಲವು ಸೂಚನೆಗಳನ್ನು ಬರೆಯುವೆವು.

ಮೊದಲನೆಯದಾಗಿ, ಎರಡು ಪೆಟ್ಟಿಗೆಗಳೂ ಒಂದೇ ಮೀಟರಿನ ತಂತಿಯಲ್ಲಿರಬೇಕು. ಮೂರು ಫೇಸಿನ ಸಂಪರ್ಕವುಳ್ಳ ಮನೆಗಳಲ್ಲಿ ಎರಡೂ ಒಂದೇ ಫೇಸಿನಲ್ಲಿದ್ದರೆ ಉತ್ತಮ. ಬೇರೆ ಫೇಸುಗಳಲ್ಲಿದ್ದರೆ ಕೆಲವೊಮ್ಮೆ ವಾರ್ತೆಯು ದಾಟೀತು. ಆದರೆ ಬಲಗುಂದಿ ದಾಟುವುದು.

ಎರಡನೆಯದಾಗಿ, ಅಡಾಪ್ಟರನ್ನು ಗೋಡೆಯ ಸಾಕೆಟ್ಟಿಗೇ ನೇರವಾಗಿ ಚುಚ್ಚಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೂ ಸ್ಪೈಕ್ ಗಾರ್ಡಿಗೂ ಸ್ಟೆಬಿಲೈಸರಿಗೂ ಚುಚ್ಚಬಾರದು. ವಿದ್ಯುತ್ತಿನ ಗದ್ದಲವನ್ನು ಸೋಸುವುದಕ್ಕಾಗಿ ಅವುಗಳಲ್ಲಿ ಇಟ್ಟಿರುವ ಶೋಧಕವು ನಮ್ಮ ವಾರ್ತೆಯನ್ನೂ ಗದ್ದಲವೆಂದೇ ಬಗೆದು ಸೋಸಿಬಿಡುವುದು. ಕೊಳ್ಳುವಾಗ ನಮ್ಮ ದೇಶದ ಮೂರು ಕಡ್ಡಿಯ ಸಾಕೆಟ್ಟಿಗೆ ಅದು ಭದ್ರವಾಗಿ ಕೂಡುವುದೇ ಎಂದು ನೋಡಬೇಕು. ಅಲುಗಾಡುವ ಪಿನ್ನು ಕಿಡಿಗೆ ಮೂಲ.

ಮೂರನೆಯದಾಗಿ, ಮೊಬೈಲಿನ ಅಗ್ಗದ ಚಾರ್ಜರು, ಕಳಪೆ ಎಲ್‌ಇಡಿ ದೀಪ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು, ಮಿಕ್ಸಿ, ನೀರೆತ್ತುವ ಪಂಪು ಇವೆಲ್ಲ ಗದ್ದಲದ ಮೂಲಗಳು. ವೇಗವು ತಗ್ಗಿದಾಗ ಇವುಗಳನ್ನು ಒಂದೊಂದಾಗಿ ಆರಿಸಿ ನೋಡಿದರೆ ಅಪರಾಧಿಯು ಸಿಕ್ಕಿಬೀಳುವನು.

ನಾಲ್ಕನೆಯದಾಗಿ, ನಮ್ಮ ಊರುಗಳಲ್ಲಿ ಕರೆಂಟು ಹೋಗುವುದುಂಟು. ಅದಕ್ಕಾಗಿ ಅನೇಕ ಮನೆಗಳಲ್ಲಿ ಇನ್ವರ್ಟರನ್ನು ಇಟ್ಟಿರುವರು. ಒಂದು ಪೆಟ್ಟಿಗೆಯು ಇನ್ವರ್ಟರಿನ ತಂತಿಯಲ್ಲಿಯೂ ಇನ್ನೊಂದು ಹೊರಗಿನ ಕರೆಂಟಿನ ತಂತಿಯಲ್ಲಿಯೂ ಇದ್ದರೆ, ಕರೆಂಟು ಹೋದೊಡನೆ ಎರಡನೆಯದು ಆರಿಹೋಗುವುದು. ಎರಡನ್ನೂ ರೌಟರನ್ನೂ ಇನ್ವರ್ಟರಿನ ಸಾಕೆಟ್ಟುಗಳಲ್ಲಿಯೇ ಇಡಬೇಕು.

ಐದನೆಯದಾಗಿ, ಪೆಟ್ಟಿಗೆಯ ಮೇಲೆ ಅಚ್ಚಾದ ೫೦೦, ೧೦೦೦ ಎಂಬ ಅಂಕೆಗಳನ್ನು ನಂಬಿ ಮೋಸಹೋಗಬಾರದು. ಅವು ಪ್ರಯೋಗಶಾಲೆಯ ಅಂಕೆಗಳು. ಮನೆಯಲ್ಲಿ ಅದರ ಮೂರನೆಯ ಒಂದು ಪಾಲು ದೊರೆತರೂ ತೃಪ್ತಿಪಡಬೇಕು. ಮಕ್ಕಳ ಪಾಠದ ಚಿತ್ರಕ್ಕೆ ಸೆಕೆಂಡಿಗೆ ೫ ಮೆಗಾಬಿಟ್ ಸಿಕ್ಕಿದರೆ ಸಾಕಾಗುವುದು.

ಆರನೆಯದು ವಠಾರಗಳಲ್ಲಿಯೂ ಒತ್ತೊತ್ತಾದ ಬಾಡಿಗೆಯ ಮನೆಗಳಲ್ಲಿಯೂ ಇರುವವರಿಗೆ. ವಾರ್ತೆಯು ಮೀಟರಿನ ಬಳಿ ಕಟ್ಟುನಿಟ್ಟಾಗಿ ನಿಲ್ಲುವುದಿಲ್ಲ. ದೊಡ್ಡಬಳ್ಳಾಪುರದ ಮನೆಯಲ್ಲಿ ಅದು ಒಂದು ಮೀಟರಿನಿಂದ ಇನ್ನೊಂದಕ್ಕೆ ಹಾಯ್ದುದನ್ನು ನೋಡಿದೆವಷ್ಟೆ. ಕಾರ್ಖಾನೆಯಲ್ಲಿ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಗುಪ್ತಪದವನ್ನು ಇಟ್ಟು ಕಳುಹಿಸುವುದುಂಟು. ಜೋಡಿಸುವ ಗುಂಡಿಯನ್ನೊತ್ತಿ ಅದನ್ನು ಬದಲಾಯಿಸದಿದ್ದರೆ ನೆರೆಮನೆಯ ಪೆಟ್ಟಿಗೆಯು ನಮ್ಮ ಜಾಲದೊಳಕ್ಕೆ ಬಂದುಬಿಡಬಹುದು. ಮನೆಯ ಬಾಗಿಲಿಗೆ ಅಗಳಿಯನ್ನು ಹಾಕುವವರು ಇದನ್ನೂ ಮರೆಯಬಾರದು.

ಇನ್ನೊಂದು ಧರ್ಮಸೂಕ್ಷ್ಮವುಂಟು. ಈ ಅಲೆಗಳ ಆವರ್ತಗಳೂ ಶಾರ್ಟ್‌ವೇವ್ ರೇಡಿಯೋವಿನ ಆವರ್ತಗಳೂ ಒಂದೇ ಕಡೆಯವು. ಮನೆಯ ತಂತಿಗೆ ಲೋಹದ ಹೊದಿಕೆಯಿಲ್ಲದ ಕಾರಣ ಸ್ವಲ್ಪ ಅಲೆಯು ಹೊರಕ್ಕೂ ಸೂಸುವುದು. ಹವ್ಯಾಸಿ ರೇಡಿಯೋದವರು ಅನೇಕ ದೇಶಗಳಲ್ಲಿ ಇದಕ್ಕೆ ಆಕ್ಷೇಪವೆತ್ತಿದರು. ಆಮೇಲೆ ಅವರ ಆವರ್ತಗಳನ್ನು ಬಿಟ್ಟು ಉಳಿದುವನ್ನು ಮಾತ್ರ ಬಳಸುವಂತೆ ಪೆಟ್ಟಿಗೆಗಳನ್ನು ಮಾಡಿದರು. ಪಕ್ಕದ ಮನೆಯ ಹಿರಿಯರು ತಮ್ಮ ರೇಡಿಯೋ ಕರಕರವೆನ್ನುವುದೆಂದು ಹೇಳಿದರೆ, ಜಗಳವಾಡದೆ ಒಂದು ಸಲ ನಮ್ಮ ಪೆಟ್ಟಿಗೆಯನ್ನು ಕಿತ್ತು ನೋಡುವುದು ನೆರೆಹೊರೆಯ ಮರ್ಯಾದೆ.

ಹಾಗಾದರೆ ಈ ಸಾಧನವನ್ನು ಎಲ್ಲರೂ ಕೊಳ್ಳಬೇಕೇ? ಹಾಗೆ ನಾವು ಹೇಳುವುದಿಲ್ಲ. ಹೊಸ ಮನೆಯನ್ನು ಕಟ್ಟಿಸುವವರು ಗೋಡೆಯೊಳಗೆ ಅಂತರ್ಜಾಲದ ಕೇಬಲಿಗಾಗಿ ಬೇರೆಯೇ ಒಂದು ಕೊಳವೆಯನ್ನು ಹಾಕಿಸಿಬಿಡಲಿ. ಅದರ ವೆಚ್ಚವು ಅತ್ಯಲ್ಪ, ಅದರ ನೆಮ್ಮದಿಯು ಅಡಾಪ್ಟರಿಗೆ ಇಲ್ಲ. ನೂರು ಮೀಟರಿನೊಳಗಿನ ದೂರಕ್ಕೆ ಆ ಕೇಬಲಿಗೆ ಸಮನಾದುದು ಬೇರೊಂದಿಲ್ಲ. ರೌಟರನ್ನು ಮನೆಯ ಮೂಲೆಯಿಂದ ನಡುವಿಗೆ ಸಾಗಿಸಿದರೆ ಸಾಕಾಗುವ ಮನೆಗಳೂ ಉಂಟು. ಅಲ್ಲಿ ಕಾಸನ್ನೂ ಖರ್ಚುಮಾಡಬೇಕಾದುದಿಲ್ಲ. ಗೋಡೆಯನ್ನು ಮುಟ್ಟಲು ಒಪ್ಪದ ಮಾಲೀಕರ ಬಾಡಿಗೆಯ ಮನೆಯಿದ್ದು, ಹಿರಿಯರು ಕಟ್ಟಿಸಿದ ಮಣ್ಣುಗೋಡೆಯ ಮನೆಯಿದ್ದು, ಅಥವಾ ಅಂಗಳದ ಆಚೆ ಒಂದು ಒಂಟಿಕೋಣೆಯಿದ್ದು, ಅಲ್ಲಿಗೆ ಆಗಲೇ ಒಳ್ಳೆಯ ತಂತಿಯು ಹೋಗಿದ್ದರೆ, ಆಗ ಈ ಜೋಡಿಪೆಟ್ಟಿಗೆಯು ಸಾರ್ಥಕ.

"ಒಳ್ಳೆಯ ತಂತಿ" ಎಂಬ ಮಾತನ್ನು ಬೇಕೆಂದೇ ಬರೆದೆವು. ಅಡಾಪ್ಟರಿನ ಹಸುರು ದೀಪವು ಉರಿದ ಮಾತ್ರಕ್ಕೆ ವೈರಿಂಗು ಚೆನ್ನಾಗಿರುವುದೆಂದ ಹಾಗಾಯಿತೆಂದು ಯಾರೂ ತಿಳಿಯಬಾರದು. ಭೂಸಂಪರ್ಕವೇ ಇಲ್ಲದ ಸಾಕೆಟ್ಟಿನಲ್ಲಿಯೂ ವಾರ್ತೆಯು ಹರಿಯಬಹುದು. ಅದಕ್ಕೆ ಬೇರೆ ಪರೀಕ್ಷೆಗಳುಂಟು. ಪರವಾನಗಿಯುಳ್ಳ ಎಲೆಕ್ಟ್ರೀಷಿಯನನು ಮೆಗ್ಗರ್ ಎಂಬ ಯಂತ್ರದಿಂದ ತಂತಿಯ ಹೊದಿಕೆಯನ್ನು ಪರೀಕ್ಷಿಸುವನು. ಪ್ರತಿಯೊಂದು ಸಾಕೆಟ್ಟಿನ ಭೂಸಂಪರ್ಕವನ್ನು ನೋಡುವನು. ೩೦ ಮಿಲಿಆಂಪಿಯರಿನಷ್ಟು ಪ್ರವಾಹವು ದಾರಿತಪ್ಪಿದರೂ ಕ್ಷಣಮಾತ್ರದಲ್ಲಿ ಕರೆಂಟನ್ನು ಕತ್ತರಿಸುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಪ್ರತಿಯೊಂದು ಮನೆಯಲ್ಲಿಯೂ ಇರಬೇಕು. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದಿರುವುದು. ಅದನ್ನು ಆಗಾಗ ಒತ್ತಿ, ಸ್ವಿಚ್ಚು ಬೀಳುವುದೋ ಇಲ್ಲವೋ ಎಂದು ಗೃಹಿಣಿಯರೇ ನೋಡಿಕೊಳ್ಳಬಹುದು. ಬೇಸಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯುವ ಹಳೆಯ ರೂಢಿಯನ್ನು ಬಿಡಬಾರದು. ನಮ್ಮ ಸೀಮೆಯ ನೆಲವು ಬೇಗ ಒಣಗುವುದು, ಒಣನೆಲವು ವಿದ್ಯುತ್ತಿಗೆ ದಾರಿಗೊಡದು. ಹೊಸ ಬಗೆಯ ಕೆಲವು ಅಡಾಪ್ಟರುಗಳು ಭೂಸಂಪರ್ಕದ ತಂತಿಯನ್ನೂ ಸೇರಿಸಿಕೊಂಡು ಮೂರು ತಂತಿಗಳಲ್ಲಿಯೂ ವಾರ್ತೆಯನ್ನು ಕಳುಹಿಸುವುವು. ಅಂತಹವಕ್ಕೆ ಪ್ರಾಣವನ್ನು ಕಾಯುವ ತಂತಿಯೇ ವೇಗವನ್ನೂ ಕೊಡುವುದು.

ಮಕ್ಕಳ ಓದಿಗೆಂದು ಅಡಾಪ್ಟರಿಗೆ ಹಣವನ್ನು ತೆಗೆದಿಡುವ ಗೃಹಸ್ಥರು, ಅದಕ್ಕೆ ಮೊದಲು ಎಲೆಕ್ಟ್ರೀಷಿಯನನ ಅರ್ಧ ದಿನದ ಕೂಲಿಯನ್ನೂ ತೆಗೆದಿಡಲಿ. ಮೆಟ್ಟಿಲ ಗೋಡೆಯ ಮೇಲಿನ ಆ ಮುಚ್ಚಳವನ್ನು ಬಿಚ್ಚಿಸಿ ನೋಡಲಿ. ಒಳಗೆ ಎಲ್ಲವೂ ಸರಿಯಾಗಿದ್ದರೆ ಆ ರಾತ್ರಿ ನಿಶ್ಚಿಂತೆಯಾದ ನಿದ್ರೆ ಬರುವುದು; ಸರಿಯಾಗಿಲ್ಲದಿದ್ದರೆ, ಸಕಾಲದಲ್ಲಿ ಕಂಡೆವೆಂಬ ಸಮಾಧಾನವಾದರೂ ದೊರೆಯುವುದು. ಅಂತರ್ಜಾಲವನ್ನು ಆಮೇಲೆ ಹರಿಯಿಸೋಣ.